ಮೊದಲ ಪುಟ ಹರಿದಿದ್ದ ಕಾಮಿಕ್ಸ್

ಎಪ್ಪತ್ತರ ದಶಕದ ಕೊನೆಯಲ್ಲಿ ತಿಪಟೂರಿನ ನಮ್ಮ ಬೀದಿಯ ತುದಿಗೆ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ಸರ್ಕ್ಯುಲೇಟಿಂಗ್ ಲೈಬ್ರರಿ ಎಂದು ಬೋರ್ಡು ಹಾಕಿದ್ದರೂ ಮುಂಭಾಗವೆಲ್ಲ ಬೀಡಿ, ಸೋಡಾ, ಪೆಪ್ಪರ್‌ಮೆಂಟಿನ ವ್ಯಾಪಾರ. ಒಳಗೋಡೆಯ ಕಪಾಟುಗಳಲ್ಲಿ ಕಾದಂಬರಿಗಳು. ಕಾಮಿಕ್ಸ್ ಮಾತ್ರ ಹುಡುಗರ ಕೈಗೆ ಎಟುಕದ ಹಾಗೆ ಎತ್ತರದಲ್ಲಿ ಕಟ್ಟಿದ ಹುರಿಯ ಮೇಲೆ. ದಿನಕ್ಕೆ ಹತ್ತು ಪೈಸೆ. ಪಿನ್ನು ತುಕ್ಕು ಹಿಡಿದು ಹಾಳೆ ಕಳಚುತ್ತದೆಂದು ಅಂಗಡಿಯವರು ಅದನ್ನು ಕಿತ್ತು, ದಬ್ಬಳದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಮೇಲೊಂದು ಕಂದು ಕಾಗದ ಹಾಕುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಮೊದಲು ಹರಿಯುತ್ತಿದ್ದದ್ದು ಮೊದಲ ಪುಟವೇ. ಕಥೆ ಬರೆದವರು, ಚಿತ್ರ ಬಿಡಿಸಿದವರು ಯಾರೆಂದು ಹಾಕಿರುತ್ತಿದ್ದದ್ದೂ ಹೆಚ್ಚಾಗಿ ಆ ಪುಟದಲ್ಲೇ. ಹಾಗಾಗಿ ನಾವು ಎರಡನೇ ಪುಟದಿಂದ ಓದುತ್ತಿದ್ದೆವು. ಹರಿದ ಪುಟದಲ್ಲಿ ಏನಿತ್ತೆಂದು ನಮಗಿಂತ ಮೊದಲು ಓದಿದವನು ಹೇಳಬೇಕು. ಅವನು ಕಥೆ ಹೇಳುತ್ತಿದ್ದ, ಹೆಸರು ಹೇಳುತ್ತಿರಲಿಲ್ಲ. ನಾವೂ ಕೇಳುತ್ತಿರಲಿಲ್ಲ.

ಅದೇ ಅಂಗಡಿಗೆ ಬರುವ ಹೆಂಗಸರು ಕಾದಂಬರಿ ಕೇಳುವಾಗ ಹೆಸರು ಹಿಡಿದೇ ಕೇಳುತ್ತಿದ್ದರು. ತ್ರಿವೇಣಿಯವರದು ಯಾವುದಿದೆ, ಸಾಯಿಸುತೆಯವರದು ಹೊಸದು ಬಂತಾ, ಹೀಗೆ. ಸಿನಿಮಾ ಎಂದರೆ ರಾಜ್‌ಕುಮಾರ್‌ದು, ವಿಷ್ಣುವರ್ಧನ್‌ದು. ಕಾಮಿಕ್ಸ್ ಮಾತ್ರ ಫ್ಯಾಂಟಮ್‌ದು, ಮ್ಯಾಂಡ್ರೇಕ್‌ದು, ಬಹಾದೂರ್‌ದು. ಕಥೆಯೊಳಗಿನವನೇ ಕಥೆಯ ಒಡೆಯ. ಯಾರೋ ಒಬ್ಬರು ಮೇಜಿನ ಮುಂದೆ ಕೂತು, ಪೆನ್ಸಿಲು ಹಿಡಿದು ಇದನ್ನೆಲ್ಲ ಬರೆದಿದ್ದಾರೆ, ಅವರಿಗೂ ಒಂದು ಊರು, ಮನೆ, ಜಾತಿ, ಸಿಟ್ಟುಸೆಡವು ಇದೆ ಎಂಬುದು ನಮ್ಮ ತಲೆಯೊಳಗೆ ಹೊಕ್ಕೇ ಇರಲಿಲ್ಲ.

ಈಗ ನನ್ನ ತಂಗಿಯ ಮಗಳು ಕಾಮಿಕ್ಸ್ ಕೊಳ್ಳುವ ಮೊದಲು ಬರೆದವರ ಪೂರ್ವಾಪರ ವಿಚಾರಿಸುತ್ತಾಳೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ಯಾವ ದೇಶ, ಯಾವ ಬಣ್ಣ, ಹೆಂಡತಿಯನ್ನು ಹೇಗೆ ನೋಡಿಕೊಂಡ, ಯಾರಿಗೆ ಓಟು ಹಾಕಿದ ಎಂದೆಲ್ಲ ಫೋನಿನಲ್ಲಿ ಹುಡುಕಿ, ಆಮೇಲೆ ಪುಸ್ತಕ. ಒಮ್ಮೆ ನನ್ನ ಕಪಾಟಿನಲ್ಲಿದ್ದ ಹಳೆಯ ಇಂದ್ರಜಾಲ ಕಾಮಿಕ್ಸ್ ಕಟ್ಟು ಬಿಚ್ಚಿ ನೋಡಿ, "ಮಾವ, ಇದನ್ನ ಹೇಗೆ ಓದಿದ್ರಿ ನೀವೆಲ್ಲ?" ಅಂದಳು. ಬೈಗುಳವಲ್ಲ, ನಿಜವಾಗಿಯೇ ಕೇಳಿದ್ದು.

ಹೇಗೆ ಓದಿದೆವು ಎಂದರೆ, ಫ್ಯಾಂಟಮ್ ಆಗಿ ಓದಿದೆವು. ಡೆಂಕಾಲಿಯ ಕಾಡಿನಲ್ಲಿ ತಲೆಬುರುಡೆಯ ಸಿಂಹಾಸನ, ಪಕ್ಕದಲ್ಲಿ ತೋಳ, ಆಚೆ ಬಿಳಿ ಕುದುರೆ. ಸುತ್ತ ಭಯಭಕ್ತಿಯಿಂದ ನಿಂತ ಕುಳ್ಳ ಕಪ್ಪು ಜನ. ತಿಪಟೂರಿನ ಬಿಸಿಲಿನಲ್ಲಿ ಗೋಲಿ ಆಡುತ್ತಿದ್ದ ನಾವು ಬಣ್ಣದಲ್ಲಿ ಆ ಜನರ ನಾಯಕ ಗುರಾನ್‌ಗೆ ಹತ್ತಿರದವರು, ಫ್ಯಾಂಟಮ್‌ಗಲ್ಲ. ಆದರೆ ಆಟದಲ್ಲಿ ಗುರಾನ್ ಆಗಲು ಒಬ್ಬನೂ ಒಪ್ಪುತ್ತಿರಲಿಲ್ಲ. ತಲತಲಾಂತರದಿಂದ ಬಿಳಿಯನೊಬ್ಬ ಮುಖವಾಡ ಹಾಕಿಕೊಂಡು ಆ ಕಾಡನ್ನು ಕಾಯಬೇಕು, ಅಲ್ಲಿನವರಿಗೆ ಅದು ತಾವಾಗಿ ಬರುವುದಿಲ್ಲ ಎಂಬ ಲೆಕ್ಕ ನಮಗೆ ಹೊಳೆಯಲೇ ಇಲ್ಲ. ಅದು ಯಾರದೋ ಒಬ್ಬರ ಅಭಿಪ್ರಾಯವಾಗಿ ಕಾಣಲಿಲ್ಲ, ಆ ಕಾಡು ಇರುವುದೇ ಹಾಗೆ ಅನ್ನಿಸಿತು. ಹೆಸರಿಲ್ಲದೆ ಓದುವುದರ ಸುಖವೂ ಅದೇ, ಮೋಸವೂ ಅದೇ.

ಲೀ ಫಾಕ್ ಎಂಬ ಹೆಸರು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅಮೆರಿಕದ ಸೇಂಟ್ ಲೂಯಿಸ್ ಊರಿನವರು. ಅವರು ಬರೆದ ಮ್ಯಾಂಡ್ರೇಕ್ ಶುರುವಾಗಿದ್ದು 1934ರಲ್ಲಿ, ಫ್ಯಾಂಟಮ್ 1936ರಲ್ಲಿ. ಪತ್ರಿಕೆಯವರ ಮುಂದೆ ಹೋಗಿ ನಿಂತಾಗ ಈ ಯುವಕ ತಾನು ದೇಶವಿದೇಶ ಸುತ್ತಿದವನು, ಪೂರ್ವ ದೇಶಗಳ ನಿಗೂಢಗಳನ್ನೆಲ್ಲ ಅರೆದು ಕುಡಿದವನು ಎಂದು ಹೇಳಿಕೊಂಡರಂತೆ. ಅಷ್ಟರೊಳಗೆ ಅವರು ಹುಟ್ಟಿದ ಸೀಮೆ ಬಿಟ್ಟು ದೂರ ಹೋದವರೇ ಅಲ್ಲ. ಅಂದರೆ ಡೆಂಕಾಲಿಗಿಂತ ಮೊದಲು ಕಟ್ಟಿದ ಕಟ್ಟುಕಥೆ ಅವರದೇ ಜಾತಕ. ಇದು ತಿಳಿದಾಗ ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ನಾವೂ ಕಾಡು ಕಂಡವರಲ್ಲ, ಅವರೂ ಕಂಡವರಲ್ಲ. ಇಬ್ಬರೂ ಸೇರಿ ಒಂದು ಕಾಡು ಮಾಡಿಕೊಂಡಿದ್ದೆವು.

ಆದರೂ ಈಗ ಅದೇ ಕಟ್ಟು ತೆಗೆದರೆ ಕಣ್ಣು ಮೊದಲಿನ ದಾರಿಯಲ್ಲಿ ಓಡುವುದಿಲ್ಲ. ಆಗ ಫ್ಯಾಂಟಮ್‌ನ ಮುಷ್ಟಿ ಎದುರಾಳಿಯ ದವಡೆಗೆ ತಾಕುವ ಚೌಕಕ್ಕೆ ಹಾರುತ್ತಿದ್ದೆ. ಈಗ ಮೂಲೆಯಲ್ಲಿ ಈಟಿ ಹಿಡಿದು ನಿಂತವರನ್ನು ನೋಡುತ್ತೇನೆ. ಅವರಲ್ಲಿ ಮೂರು ನಾಲ್ಕು ಜನಕ್ಕೆ ಒಂದೇ ಮುಖ. ಫ್ಯಾಂಟಮ್‌ನ ಚಿತ್ರ ಬರೆದ ಸೈ ಬ್ಯಾರಿ ಎಂಥ ಚಿತ್ರಗಾರ! ಕುದುರೆಯ ಸ್ನಾಯು, ಕತ್ತಲ ಕಾಡಿನ ನೆರಳು, ಹೆಂಗಸರ ಕೂದಲು, ಎಲ್ಲಕ್ಕೂ ಅವರಿಗೆ ಬೇರೆ ಬೇರೆ ಗೆರೆ ಇತ್ತು. ಈ ಜನಕ್ಕೆ ಮಾತ್ರ ಒಂದೇ ಸಾಕಾಯಿತು. ಮಜಾ ಹೋಯಿತೇ ಎಂದರೆ ಪೂರ್ತಿ ಹೋಗಿಲ್ಲ, ಮುಷ್ಟಿಯ ಚೌಕ ಈಗಲೂ ಮಜವೇ. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ಕಡೆ ತಡೆಯುತ್ತದೆ.

ಇಂದ್ರಜಾಲ ಕಾಮಿಕ್ಸನ್ನು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಶುರು ಮಾಡಿದಾಗ ಅಲ್ಲಿ ಕೆಲಸಕ್ಕಿದ್ದವರು ಅನಂತ ಪೈ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಮುಂಬೈಗೆ ಹೋಗಿ ಬೆಳೆದವರು. ಮುಂದೆ ಅಮರ ಚಿತ್ರ ಕಥೆ ಕಟ್ಟಿದರು. ಅಂದರೆ ನಮ್ಮ ಹುರಿಯ ಮೇಲೆ ನೇತಾಡುತ್ತಿದ್ದ ಫ್ಯಾಂಟಮ್‌ಗೂ ಕೃಷ್ಣನಿಗೂ ನಡುವೆ ಕಾರ್ಕಳದ ಒಬ್ಬ ಮನುಷ್ಯನಿದ್ದ. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಖ್ಯೆಗಳು ಕನ್ನಡದಲ್ಲಿ ಬಂದವು, ಅವು ನಮ್ಮ ಪುರಾಣಗಳಲ್ಲ, ಸಿಂಡರೆಲ್ಲಾ ತರಹದ ಪಾಶ್ಚಾತ್ಯ ಕಥೆಗಳು ಎಂಬುದು ಇನ್ನೊಂದು ಸಂಗತಿ. ಕೃಷ್ಣ ಬಂದಿದ್ದು ಹನ್ನೊಂದನೆಯದಾಗಿ. ಇದನ್ನು ತಿಳಿದ ದಿನ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ: ನಮ್ಮವರು, ಕಾರ್ಕಳದವರು, ಶುರುವಾಗಿದ್ದೇ ಕನ್ನಡದಲ್ಲಿ! ಆ ಮಾತನ್ನು ಹೇಳುವಾಗ ನನ್ನ ಮುಖ ಹೇಗಿತ್ತೆಂದು ಯಾರಾದರೂ ಫೋಟೋ ತೆಗೆದಿಟ್ಟಿದ್ದರೆ, ಬರೆದವರು ಯಾರಾದರೇನು ಎಂದು ಈಗ ತಂಗಿಯ ಮಗಳೊಡನೆ ವಾದ ಮಾಡಲು ನನಗೆ ಬಾಯಿ ಬರುತ್ತಿರಲಿಲ್ಲ.

ಪೈ ಕೆಮಿಸ್ಟ್ರಿ ಓದಿದವರು, ಜೊತೆಗೆ ಸಂಪ್ರದಾಯಸ್ಥ ಮನೆಯವರು. ಎರಡೂ ಪುಸ್ತಕದಲ್ಲಿ ಕಾಣುತ್ತವೆ. ಮೊದಮೊದಲು ಪವಾಡಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಹಿಂಜರಿಕೆ. ಆಮೇಲೆ ಆ ಹಿಂಜರಿಕೆ ಕರಗಿತು. ಇನ್ನೊಂದು ಕಡೆ, ರಾಕ್ಷಸರೆಲ್ಲ ಕಪ್ಪು, ರಾಜಕುಮಾರಿಯರೆಲ್ಲ ಬೆಣ್ಣೆ ಬಿಳುಪು. ಅಮರ ಚಿತ್ರ ಕಥೆಯ ಈ ಬಣ್ಣಗಾರಿಕೆಯ ಬಗ್ಗೆ ವಿದ್ವಾಂಸರು ಪುಸ್ತಕಗಳನ್ನೇ ಬರೆದಿದ್ದಾರೆ, ನಾನು ಹೊಸದಾಗಿ ಸೇರಿಸುವುದೇನಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಪೈಗಳ ಹೆಸರಿನ ಕೆಳಗಿದ್ದ ಸಣ್ಣಕ್ಷರದ ಹೆಸರುಗಳು. ಎಷ್ಟೋ ಸಂಚಿಕೆಗಳ ಕಥೆ ಕಮಲಾ ಚಂದ್ರಕಾಂತ್ ಎಂಬ ಹೆಂಗಸಿನದು. ಮೊದಲ ಕೃಷ್ಣನನ್ನು ಚಿತ್ರಿಸಿದ ರಾಮ್ ವಾಯೀರ್ಕರ್ ಅವರೇ ಟಿಂಕಲ್ ಪತ್ರಿಕೆಯ ಸುಪ್ಪಾಂಡಿಯನ್ನೂ ಚಿತ್ರಿಸಿದವರು. ಅವರು ತೀರಿಕೊಂಡ ಮೇಲೆ ಸುಪ್ಪಾಂಡಿ ಅವರ ಮಗಳು ಅರ್ಚನಾ ಅಂಬೇರ್ಕರ್ ಕೈಗೆ ಬಂತು. ಬೆಣ್ಣೆ ಕದಿಯುವ ಆ ಮಗು, ಯಜಮಾನನ ಮಾತನ್ನು ಅಕ್ಷರಶಃ ಪಾಲಿಸಿ ಮನೆ ಹಾಳು ಮಾಡುವ ಈ ಆಳು, ಎರಡೂ ಒಂದೇ ಕೈಯವು ಎಂದು ತಿಳಿದ ಮೇಲೆ ಕೃಷ್ಣನ ತುಟಿಯ ಕೊಂಕನ್ನು ನಾನು ಮತ್ತೆ ಹೋಗಿ ನೋಡಿದ್ದುಂಟು. ಇಂಥ ಕಡೆ ಹೆಸರು ತಿಳಿಯುವುದು ಬರೀ ಲಾಭ.

ಮೀರಾಬಾಯಿ ಸಂಚಿಕೆಯ ಚಿತ್ರಗಳು ಯೂಸುಫ್ ಲಿಯೆನ್ ಅವರವು. ಅದು ನಮ್ಮ ಮನೆಯಲ್ಲಿತ್ತು, ಇಂಗ್ಲಿಷಿನದು. ಅಜ್ಜಿಗೆ ಇಂಗ್ಲಿಷ್ ಬಾರದು. ಚಿತ್ರ ನೋಡುತ್ತಾ ತನಗೆ ತಿಳಿದ ಮೀರಾಳ ಕಥೆಯನ್ನು ತಾನೇ ಹೇಳಿಕೊಂಡು ಹೋಗುವಳು. ಬಲೂನಿನೊಳಗೆ ಏನು ಬರೆದಿದೆಯೋ ಅವಳಿಗೆ ಬೇಕಿರಲಿಲ್ಲ. ಪುಸ್ತಕ ಕಡೆಗೆ ದೇವರ ಮನೆಯ ಗೂಡಿನಲ್ಲಿ, ಹಾಡಿನ ಪುಸ್ತಕಗಳ ಜೊತೆ ಸೇರಿತು. ಕಾಲೇಜಿನಿಂದ ರಜೆಗೆ ಬಂದಾಗ ಒಮ್ಮೆ ಚೇಷ್ಟೆಗೆಂದೇ, "ಅಜ್ಜಿ, ಇದನ್ನ ಬರೆದೋರು ಸಾಬರು ಗೊತ್ತಾ?" ಅಂದೆ. ಅಜ್ಜಿ ಹಿತುಕಿದ ಅವರೆಕಾಳಿಗೆ ಕೂತಿದ್ದಳು. "ಯಾರ ಮಗನೋ ಏನೋ, ಕೈ ಚೆನ್ನಾಗಿದೆ ಕಣೋ" ಅಂದಳು, ಇನ್ನೊಂದು ಹಿಡಿ ಕಾಳು ನೀರಿನಿಂದ ತೆಗೆದಳು. ಪುಸ್ತಕ ಗೂಡಿನಲ್ಲೇ ಉಳಿಯಿತು. ಇದನ್ನು ಸೌಹಾರ್ದದ ಕಥೆ ಮಾಡುವ ಆಸೆ ನನಗಿಲ್ಲ. ಇದೇ ಅಜ್ಜಿ ಆ ಲೈಬ್ರರಿ ಅಂಗಡಿಯಲ್ಲಿ ಸಾಬರ ಹುಡುಗ ತೆಗೆದುಕೊಟ್ಟ ಸೋಡಾ ಮುಟ್ಟುತ್ತಿರಲಿಲ್ಲ. ಗೆರೆಗೆ ಮೈಲಿಗೆಯಿಲ್ಲ, ನೀರಿಗೆ ಇತ್ತು.

ಬಹಾದೂರ್‌ನ ವಿಷಯವೂ ಹೀಗೇ. 1976ರಲ್ಲಿ ಇಂದ್ರಜಾಲಕ್ಕೆ ಬಂದ ಈ ನಾಯಕ ಚಂಬಲ್ ಕಣಿವೆಯ ಡಕಾಯಿತನೊಬ್ಬನ ಮಗ. ಕೇಸರಿ ಕುರ್ತಾ, ಕೆಳಗೆ ಜೀನ್ಸ್. ಊರಿನವರನ್ನು ಸೇರಿಸಿ ಡಕಾಯಿತರ ವಿರುದ್ಧ ದಳ ಕಟ್ಟಿದವನು. ಸೃಷ್ಟಿಸಿದವರು ಆಬಿದ್ ಸೂರ್ತಿ, ಚಿತ್ರ ಗೋವಿಂದ್ ಬ್ರಹ್ಮಾಣಿಯಾ. ಕೇಸರಿ ಕುರ್ತಾದ ಹಿಂದಿನ ಹೆಸರು ಯಾವುದೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಿದ್ದರೂ ಆಗ ಏನೂ ಆಗುತ್ತಿರಲಿಲ್ಲ. ಈಗಿನ ಮಾತು ಬೇರೆ. ಈಗ ಇಂಥ ಹೆಸರು ಕಂಡರೆ, ನಮ್ಮ ದೇವರನ್ನು ಇವರು ಯಾಕೆ ಮುಟ್ಟಬೇಕು ಎಂದು ಕೇಳುವವರಿದ್ದಾರೆ. ನನ್ನ ತಂಗಿಯ ಮಗಳು ಕೇಳುವುದೂ ಬರೆದವರು ಯಾರು ಎಂದೇ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ಎಲ್ಲರೂ ಹೆಸರಿನ ಹಿಂದೆ ಬಿದ್ದಿದ್ದಾರೆ ಎಂದು ಗೊಣಗುವ ನನ್ನ ವಯಸ್ಸಿನವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮೊದಲನೆಯವರು ಕೈಯನ್ನು ಹೊರಗೆ ದಬ್ಬಲು ಹೆಸರು ಕೇಳುತ್ತಾರೆ. ಇವಳು ಕೇಳುವುದು, ಇಷ್ಟು ದಿನ ಒಳಗೆ ಬರದೇ ಇದ್ದ ಕೈ ಯಾವುದು ಎಂದು. ಅವಳ ಜೊತೆ ನನ್ನ ಜಗಳ ಬೇರೆಯದು.

ನಡುವೆ ಚಂದಮಾಮ ನೆನಪಾಗುತ್ತದೆ, ಅದು ಕಾಮಿಕ್ಸ್ ಅಲ್ಲದಿದ್ದರೂ. ಬೇತಾಳ, ದೇವರು, ಭೂತ, ಶಾಪ, ವರ ಇವುಗಳಿಂದಲೇ ತುಂಬಿದ್ದ ಆ ಪತ್ರಿಕೆಯನ್ನು ಮೂರು ದಶಕಗಳ ಹತ್ತಿರ ಒಳಗಿನಿಂದ ನಡೆಸಿದವರು ತೆಲುಗಿನ ಕೊಡವಟಿಗಂಟಿ ಕುಟುಂಬರಾವ್. ಎಡಪಂಥೀಯರು, ವಿಚಾರವಾದಿ. ಭೂತದ ಕಥೆ ಓದಿ ಹೆದರಿ ನೀರಡಿಕೆಯಾದರೂ ಏಳದೆ ಮುಸುಕು ಹೊದ್ದ ನಮಗೆ ಈ ಗುಟ್ಟು ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತಿತ್ತೇ? ಖಂಡಿತ ಇಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಕೈಪಿಡಿ ಬರೆಯುವ ಕೆಲಸ. ಎದೆಮಟ್ಟದ ಗೋಡೆಗಳ ಕ್ಯೂಬಿಕಲ್ಲುಗಳು; ಪ್ರತಿ ಗೋಡೆಗೂ ಗುಂಡುಪಿನ್ನಿನಲ್ಲಿ ಚುಚ್ಚಿದ ಡಿಲ್‌ಬರ್ಟ್ ಪಟ್ಟಿ. ಮ್ಯಾನೇಜರನ ತಲೆಯ ಎರಡೂ ಕಡೆ ಎದ್ದ ಕೂದಲು ಮೀಟಿಂಗಿಗೆ ಮೊದಲೇ ನಮಗೆ ನಗು ತರಿಸುತ್ತಿತ್ತು. 1989ರಲ್ಲಿ ಶುರುವಾದ ಈ ಕಾರ್ಟೂನಿನ ಸ್ಕಾಟ್ ಆಡಮ್ಸ್ ಯಾರೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕ್ಯಾಲಿಫೋರ್ನಿಯಾದ ಟೆಲಿಫೋನ್ ಕಂಪನಿಯೊಂದರಲ್ಲಿ ದುಡಿಯುತ್ತಾ ಬೆಳಗಿನ ಜಾವ ಚಿತ್ರ ಬರೆಯುತ್ತಿದ್ದ ನೌಕರ. ತನ್ನ ಇಮೇಲ್ ವಿಳಾಸವನ್ನು ಚೌಕಗಳ ಸಂದಿಯಲ್ಲೇ ಅಚ್ಚು ಹಾಕುತ್ತಿದ್ದ. ಓದುಗರು ತಮ್ಮ ತಮ್ಮ ಆಫೀಸಿನ ಪೇಚಾಟಗಳನ್ನು ಬರೆದು ಕಳಿಸುತ್ತಿದ್ದರು. ನಮ್ಮ ಹಾಗೇ ಅಪ್ರೈಸಲ್ಲಿಗೆ ಹೆದರಿದವನು, ನಮ್ಮ ಹಾಗೇ ಅರ್ಥವಿಲ್ಲದ ಫಾರ್ಮು ತುಂಬಿದವನು. ನಗುವಿನಲ್ಲಿ ಅರ್ಧ ಪಾಲು ಚಿತ್ರದ್ದಾದರೆ ಇನ್ನರ್ಧ ಪಾಲು ಈ ನಂಟಿನದು.

1996ರಲ್ಲಿ ಡಿಲ್‌ಬರ್ಟ್‌ಗೆ ಅಶೋಕ್ ಬಂದ. ಐಐಟಿ ಓದಿದ ಭಾರತದ ಹುಡುಗ, ಎಲ್ಲರಿಗಿಂತ ಬುದ್ಧಿವಂತ, ಎಲ್ಲರಿಗಿಂತ ಕೆಳಗಿನ ಕೆಲಸ. ನಮ್ಮ ಕ್ಯೂಬಿಕಲ್ಲುಗಳಲ್ಲಿ ಹಬ್ಬ. ನಮ್ಮನ್ನು ಯಾರೋ ಅಲ್ಲಿ ಕಂಡಿದ್ದಾರೆ ಎಂಬ ಖುಷಿ. ಆ ಹುಡುಗನನ್ನು ಎಲ್ಲರೂ ಗೋಳುಹೊಯ್ದುಕೊಳ್ಳುವುದು ತಮಾಷೆಯೋ ಅವಮಾನವೋ ಎಂದು ಊಟದ ಹೊತ್ತಿನಲ್ಲಿ ಚರ್ಚೆ ನಡೆದಿದ್ದೂ ಉಂಟು. ಬಹುಮತ ತಮಾಷೆಯ ಕಡೆಗೇ ಬೀಳುತ್ತಿತ್ತು, ಯಾಕೆಂದರೆ ಬರೆದವನು ನಮ್ಮವನು. 2013ರ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377ನ್ನು ಎತ್ತಿಹಿಡಿದಾಗ, ಅದಕ್ಕೆ ಪ್ರತಿಭಟನೆಯಾಗಿ ಆಡಮ್ಸ್ 2014ರ ಫೆಬ್ರುವರಿಯಲ್ಲಿ ಅಶೋಕ್ ಸಲಿಂಗಿ ಎಂದು ಪಟ್ಟಿಯಲ್ಲೇ ಘೋಷಿಸಿದ. ಅಮೆರಿಕದ ಕಾರ್ಟೂನಿಗನೊಬ್ಬ ಇಲ್ಲಿನ ಕಾನೂನಿನ ಬಗ್ಗೆ ಅಷ್ಟು ಮಾಡಿದ್ದು ಸಣ್ಣದಲ್ಲ.

2023ರ ಫೆಬ್ರುವರಿಯಲ್ಲಿ ಅದೇ ಮನುಷ್ಯ ಯೂಟ್ಯೂಬಿನಲ್ಲಿ ಕೂತು, ಕಪ್ಪು ಜನ ದ್ವೇಷದ ಗುಂಪು, ಬಿಳಿಯರು ಅವರಿಂದ ದೂರ ಇರುವುದೇ ಲೇಸು ಎಂದ. ಕೆಲವೇ ದಿನಗಳಲ್ಲಿ ನೂರಾರು ಪತ್ರಿಕೆಗಳು ಡಿಲ್‌ಬರ್ಟ್ ಕೈಬಿಟ್ಟವು, ಹಂಚುತ್ತಿದ್ದ ಸಂಸ್ಥೆಯೂ ಸಂಬಂಧ ಕಡಿದುಕೊಂಡಿತು. ನಮ್ಮ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿಯಿಡೀ ಗದ್ದಲ. ಕಾರ್ಟೂನು ಬೇರೆ, ಮನುಷ್ಯ ಬೇರೆ ಎಂದು ಹೆಚ್ಚಿನವರು. ನನಗೆ ಆ ಮಾತು ನುಂಗಲಾಗಲಿಲ್ಲ. ಅವನು ನಮ್ಮಂಥವನು ಎಂಬ ಕಾರಣಕ್ಕೇ ಒಂದು ಪಾಲು ಹೆಚ್ಚು ನಕ್ಕವರು ನಾವು. ಆ ಪಾಲನ್ನು ಇಪ್ಪತ್ತು ವರ್ಷ ಅನುಭವಿಸಿ, ಲೆಕ್ಕ ಕೊಡುವ ಹೊತ್ತಿಗೆ ಬರೆದವನು ಯಾರೆಂದು ನಮಗೇಕೆ ಅನ್ನುವುದು ನ್ಯಾಯವಲ್ಲ. ಕಾರ್ಕಳದ ಹೆಮ್ಮೆಯಾಗಲಿ, ಕ್ಯೂಬಿಕಲ್ಲಿನ ನಂಟಾಗಲಿ, ಬೇಕಾದಾಗ ಹೆಸರು ಓದಿದವರೇ ನಾವು. ಬೇಡವಾದಾಗ ಮಾತ್ರ ಮೊದಲ ಪುಟ ಹರಿದುಹೋಗಿದೆ ಎನ್ನುತ್ತೇವೆ.

ಹಾಗೆಂದು ನಾನು ಡಿಲ್‌ಬರ್ಟ್ ಸಂಕಲನಗಳನ್ನು ರದ್ದಿಗೆ ಹಾಕಲಿಲ್ಲ. ತೆಗೆದು ಓದಿದೆ. ತೊಂಬತ್ತರ ದಶಕದ ಪಟ್ಟಿಗಳು ಈಗಲೂ ನಗಿಸುತ್ತವೆ, ಮ್ಯಾನೇಜರುಗಳು ಬದಲಾಗಿಲ್ಲವಲ್ಲ. ಅಶೋಕ್ ಬರುವ ಪಟ್ಟಿಗಳಲ್ಲಿ ಮಾತ್ರ ಊಟದ ಹೊತ್ತಿನ ಆ ಹಳೆಯ ಚರ್ಚೆ ಮತ್ತೆ ಶುರುವಾಗುತ್ತದೆ, ಈ ಸಲ ಬಹುಮತ ಕೂಡಿ ಬರುವುದಿಲ್ಲ. ತಂಗಿಯ ಮಗಳಿಗೆ ಇದು ಅರ್ಥವಾಗುವುದಿಲ್ಲ. "ಅಷ್ಟು ಗೊತ್ತಿದ್ದೂ ಇಟ್ಕೊಂಡಿದ್ದೀರಲ್ಲ ಮಾವ" ಅನ್ನುತ್ತಾಳೆ. ನನ್ನ ಜಗಳ ಇಲ್ಲಿರುವುದು. ಅವಳು ಪುಸ್ತಕ ತೆರೆಯುವ ಮೊದಲೇ ತೀರ್ಪು ಕೊಡುತ್ತಾಳೆ. ನಾನು ಚೌಕ ನೋಡಿ ಕೊಡುತ್ತೇನೆ. ಮನುಷ್ಯ ಕೆಟ್ಟಿದ್ದಾನೋ ಇಲ್ಲವೋ ಫೋನು ಹೇಳಬಹುದು. ಆ ಕೆಡುಕು ಗೆರೆಗೆ ಇಳಿದಿದೆಯೋ ಇಲ್ಲವೋ ಎಂಬುದನ್ನು ಗೆರೆಯನ್ನು ನೋಡದೆ ಹೇಳಲು ಬರುವುದಿಲ್ಲ.

ಹೀಗೆಂದಾಗ ಅವಳು ನನ್ನೆದುರು ತಂದಿಟ್ಟಿದ್ದು ಭೀಮಾಯಣ. 2011ರಲ್ಲಿ ನವಯಾನ ಪ್ರಕಾಶನ ತಂದ ಅಂಬೇಡ್ಕರ್ ಕಥನ. ಚಿತ್ರ ಬರೆದವರು ಮಧ್ಯಪ್ರದೇಶದ ಪರಧಾನ್ ಗೊಂಡ ಸಮುದಾಯದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ. ಅಂಬೇಡ್ಕರ್ ಮೇಲೆ ಅಮರ ಚಿತ್ರ ಕಥೆಯದೂ ಒಂದು ಸಂಚಿಕೆ ಇದೆ, ನಾನು ಓದಿದ್ದೇನೆ. ಶಿವಾಜಿಗೂ ಬುದ್ಧನಿಗೂ ಇದ್ದ ಅದೇ ಸಾಲು ಚೌಕಗಳು, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ಭೀಮಾಯಣದಲ್ಲಿ ಚೌಕವೇ ಇಲ್ಲ. ಪಾತ್ರಗಳನ್ನು ಡಬ್ಬಿಯೊಳಗೆ ಕೂಡಿಹಾಕುವುದಿಲ್ಲ ಎಂದು ವ್ಯಾಮ್ ದಂಪತಿ ಮೊದಲೇ ಹೇಳಿದರಂತೆ. ಅವರ ಕಡೆ ಮನೆಯ ಗೋಡೆ, ನೆಲಕ್ಕೆ ಬಿಡಿಸುವ ದಿಗ್ನಾ ಎಂಬ ವಿನ್ಯಾಸವುಂಟು; ಅದೇ ಹಾವಿನಂತೆ ಬಳುಕಿ ಪುಟದ ಒಂದು ಪ್ರಸಂಗವನ್ನು ಇನ್ನೊಂದರಿಂದ ಬಿಡಿಸುತ್ತದೆ. ರೈಲೇ ಒಂದು ಹಾವು. ಮಾತಿನ ಬಲೂನುಗಳಲ್ಲೂ ಭೇದವಿದೆ: ನೊಂದವರ ಮಾತಿಗೆ ಹಕ್ಕಿಯ ಆಕಾರ, ಜಾತಿಯ ನಂಜಿನ ಮಾತಿಗೆ ಚೇಳಿನ ಬಾಲ. ಗೊರೇಗಾಂವ್‌ಗೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದ ಬಾಲಕ ಭೀಮನನ್ನು, ಜಾತಿ ತಿಳಿದ ಮೇಲೆ ಗಾಡಿಗೆ ಹತ್ತಿಸಿಕೊಳ್ಳುವವರಿಲ್ಲ, ನೀರು ಕೊಡುವವರಿಲ್ಲ. ಆ ಪುಟಗಳಲ್ಲಿ ಯಾರು ಎಂಥವರೆಂದು ಅಕ್ಷರ ಓದುವ ಮೊದಲೇ ಬಲೂನಿನ ಬಾಲ ಹೇಳಿಬಿಡುತ್ತದೆ. ಅಕ್ಷರ ಬಾರದ ನನ್ನ ಅಜ್ಜಿಗೂ ಹೇಳುತ್ತಿತ್ತು, ಅವಳ ಮಾತಿಗೆ ಯಾವ ಬಾಲ ಇರುತ್ತಿತ್ತೋ.

"ನೋಡಿ, ಇಲ್ಲಿ ಬರೆದೋರು ಯಾರು ಅನ್ನೋದನ್ನ ತೆಗೆದುಬಿಟ್ರೆ ಪುಸ್ತಕವೇ ಉಳಿಯಲ್ಲ" ಅಂದಳು. ಒಪ್ಪಿದೆ. ಆದರೆ ಅದನ್ನು ನನಗೆ ಹೇಳಿದ್ದು ಹಿಂಬದಿಯ ಪರಿಚಯವಲ್ಲ, ಆ ಚೇಳಿನ ಬಾಲ ಎಂದೆ. ಅವಳು ಒಪ್ಪಲಿಲ್ಲ. ಪರಿಚಯ ಓದದಿದ್ದರೆ ನೀವು ಇದನ್ನು ಜಾನಪದ ಅಲಂಕಾರ ಅಂದುಕೊಂಡು ಪುಟ ತಿರುಗಿಸುತ್ತಿದ್ದಿರಿ ಎಂದಳು. ಅದರಲ್ಲೂ ಹುರುಳಿದೆ. ಸರಿ, ಮಾತುಗಳನ್ನು ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್, ಗೊಂಡರಲ್ಲ, ಗೆರೆ ಒಬ್ಬರದು, ಮಾತು ಇನ್ನೊಬ್ಬರದಾದಾಗ ನಿನ್ನ ವಿಚಾರಣೆ ಯಾರ ಮೇಲೆ ಎಂದು ಕೇಳಿದೆ. "ಇಬ್ಬರ ಮೇಲೂ" ಎಂದಳು. ಓದಿ ಮುಗಿಸಿ ಹೇಳುತ್ತೇನೆ ಎಂದು ಪುಸ್ತಕ ತೆಗೆದುಕೊಂಡು ಬೆಂಗಳೂರಿಗೆ ಹೊರಟಳು. ನೂರು ಪುಟದ ಪುಸ್ತಕ. ಫೋನು ಮಾಡಿದಾಗಲೆಲ್ಲ ಇನ್ನೂ ಓದ್ತಾ ಇದ್ದೀನಿ ಮಾವ ಅನ್ನುತ್ತಾಳೆ. ಡಿಲ್‌ಬರ್ಟ್ ಸಂಕಲನಗಳಲ್ಲಿ ಒಂದು ಕಾಣುತ್ತಿಲ್ಲ, ಅದರ ವಿಷಯ ನಾನಿನ್ನೂ ಕೇಳಿಲ್ಲ.